ಮರಿ ಗೋಸುಂಬೆಗೆ ಎಷ್ಟು ಬಿಸಿ ಬೇಕು?

ಅಮೆರಿಕದಲ್ಲಿ ಯೆಮನ್ ಮೂಲದ ಗೋಸುಂಬೆಯನ್ನು ಮನೆಯಲ್ಲಿ ಸಾಕುವುದುಂಟು. ನೀವು ಅಲ್ಲಿದ್ದು ಮರಿಯೊಂದನ್ನು ತಂದಿದ್ದರೆ, ಬೆಚ್ಚಗಿರಲೆಂದು ಇಡೀ ಗೂಡನ್ನು ಕಾಯಿಸಬೇಡಿ. ಗೋಸುಂಬೆ ಬಿಸಿಲು ನೆರಳುಗಳ ನಡುವೆ ಓಡಾಡಿಯೇ ಮೈಯ ಶಾಖವನ್ನು ಹದಗೊಳಿಸಿಕೊಳ್ಳುತ್ತದೆ. ಮರಿಯ ಪುಟ್ಟ ಮೈಯಂತೂ ಬಲುಬೇಗ ಕಾಯುತ್ತದೆ.

ಜಾಲರಿ ಗೂಡಿನ ಮೇಲ್ಗಡೆಯ ಒಂದು ಕೊಂಬೆಯಲ್ಲಿ ಮಾತ್ರ ಸುಮಾರು 29 ಡಿಗ್ರಿ ಸೆಲ್ಸಿಯಸ್ ಇರಲಿ. ಕೆಳಗೆ, ಎಲೆಗಳ ನೆರಳಿನಲ್ಲಿ, 22ರಿಂದ 25 ಸಾಕು. ಬಲ್ಬನ್ನು ಗೂಡಿನ ಹೊರಗಿಡಿ. ಹತ್ತಿರವಿದ್ದರೆ ನೆತ್ತಿ ಸುಟ್ಟೀತು. ಅಂದಾಜಿಗೆ ಬಿಡದೆ ಕೊಂಬೆಯ ಬಳಿ ಥರ್ಮಾಮೀಟರ್ ಇಟ್ಟು ನೋಡಿ. ಮರಿ ಮೈ ಬಿಳಿಚಿಕೊಂಡು ಬಾಯಿ ತೆರೆದು ಕುಳಿತರೆ ಬಿಸಿ ಹೆಚ್ಚಾಗಿದೆಯೆಂದು ತಿಳಿಯಿರಿ. ರಾತ್ರಿ ದೀಪ ಆರಿಸಿ. 18 ಡಿಗ್ರಿಗೆ ಇಳಿದರೂ ಚಿಂತೆಯಿಲ್ಲ.

ನಮ್ಮ ತೋಟದ ಗೋಸುಂಬೆಯನ್ನು ಮಾತ್ರ ಹಿಡಿದು ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ರಕ್ಷಣೆ ನೀಡಿದೆ.