ಯುದ್ಧದ ಸುದ್ದಿಗೆ ಏರುವ ಷೇರು ಮತ್ತು ನಮ್ಮ ಉಳಿತಾಯ

(ಯುವ ಉದ್ಯೋಗಿಗಳಿಗಾಗಿ ಏರ್ಪಡಿಸಿದ್ದ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬಡ್ಡಿಯಿಂದ ದೂರವಿರಬೇಕೆಂಬ ಎಚ್ಚರವು ನಮ್ಮ ಅನೇಕ ಕುಟುಂಬಗಳನ್ನು ಬ್ಯಾಂಕಿನ ನಿಶ್ಚಿತ ಠೇವಣಿಯಿಂದ ಷೇರು ಮಾರುಕಟ್ಟೆಯತ್ತ ತಂದಿದೆ. ನಡುವೆ ‘ಹಲಾಲ್ ಹೂಡಿಕೆ’ ಎಂಬ ಫಲಕವನ್ನು ನಂಬಿ ನಾವು ದೊಡ್ಡ ಬೆಲೆಯನ್ನೂ ತೆತ್ತಿದ್ದೇವೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಹೆಣ್ಣುಮಕ್ಕಳ ಮದುವೆಗೆಂದು, ಹಜ್ಜ್ ಯಾತ್ರೆಗೆಂದು ಕೂಡಿಟ್ಟ ಹಣ ಕರಗಿಹೋಯಿತು. ಲಾಭ ಎಷ್ಟು ಎಂದು ಎಲ್ಲರೂ ಕೇಳಿದ್ದರು. ಆ ಲಾಭ ಎಲ್ಲಿಂದ ಬರುತ್ತದೆ ಎಂದು ಕೇಳಿದವರು ವಿರಳ. ಆ ಎರಡನೆಯ ಪ್ರಶ್ನೆಯನ್ನೇ ಇಂದು ರಕ್ಷಣಾ ಉದ್ಯಮದ ಷೇರುಗಳ ವಿಷಯದಲ್ಲಿ ಕೇಳಬೇಕಾಗಿದೆ. ಇದು ಬರಿಯ ಶಾಸ್ತ್ರಚರ್ಚೆಯಲ್ಲ. ನಮ್ಮ ಯುವಕರು ತಿಂಗಳ ಸಂಬಳದ ಒಂದು ಪಾಲನ್ನು ಈ ಷೇರುಗಳಿಗೆ ಹಾಕುತ್ತಿದ್ದಾರೆ. ತಮ್ಮ ತಂದೆತಾಯಿಯ ಉಳಿತಾಯವನ್ನೂ ಅಲ್ಲಿಗೇ ಹಾಕಿಸುತ್ತಿದ್ದಾರೆ.

ಮೊದಲು ಲಾಭದ ಲೆಕ್ಕವನ್ನೇ ನೋಡೋಣ. ನಮ್ಮದೇ ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯನ್ನು ತೆಗೆದುಕೊಳ್ಳಿ. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರಲ್ಲಿ ಸ್ಥಾಪಿಸಿದ ಕಾರ್ಖಾನೆ ಅದು. 2018ರ ಮಾರ್ಚ್‌ನಲ್ಲಿ ಸರಕಾರವು ಅದರ ಷೇರುಗಳನ್ನು ಗರಿಷ್ಠ 1,240 ರೂಪಾಯಿಯಂತೆ ಮೊದಲ ಬಾರಿಗೆ ಸಾರ್ವಜನಿಕರಿಗೆ ಮಾರಿದಾಗ ಕೊಳ್ಳುವವರ ಉತ್ಸಾಹ ಮಂದವಾಗಿತ್ತು. 2023ರಲ್ಲಿ ಒಂದು ಷೇರನ್ನು ಎರಡಾಗಿ ವಿಭಜಿಸಲಾಯಿತು. ಅಂದರೆ ಮೂಲ ಬೆಲೆ ಈಗಿನ ಒಂದು ಷೇರಿಗೆ 620 ರೂಪಾಯಿ ಎಂದಾಯಿತು. 2024ರ ಜುಲೈಯಲ್ಲಿ ಅದೇ ಷೇರು 5,600 ರೂಪಾಯಿಯನ್ನು ದಾಟಿತು. ಆರು ವರ್ಷಗಳಲ್ಲಿ ಒಂಬತ್ತು ಪಟ್ಟು!

ಈ ಏರಿಕೆಗೆ ಕಾರಣಗಳಿವೆ. 2020ರ ಆಗಸ್ಟ್‌ನಿಂದ ಕೇಂದ್ರ ಸರಕಾರವು ವಿದೇಶದಿಂದ ತರಿಸಬಾರದ ರಕ್ಷಣಾ ಸಾಮಗ್ರಿಗಳ ಪಟ್ಟಿಗಳನ್ನು ಒಂದರ ಹಿಂದೊಂದರಂತೆ ಪ್ರಕಟಿಸಿತು. 2021ರ ಫೆಬ್ರವರಿಯಲ್ಲಿ 83 ತೇಜಸ್ ವಿಮಾನಗಳಿಗೆ ಸುಮಾರು 48,000 ಕೋಟಿಯ ಒಪ್ಪಂದವಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97 ವಿಮಾನಗಳಿಗೆ 62,370 ಕೋಟಿಯ ಒಪ್ಪಂದವಾಯಿತು. ಕೈಯಲ್ಲಿ ಹಲವು ವರ್ಷಗಳ ಕೆಲಸ, ಹಣ ಪಾವತಿಸುವವನು ಸರಕಾರ. ಇದಕ್ಕಿಂತ ಭದ್ರವಾದ ವ್ಯಾಪಾರ ಯಾವುದಿದೆ ಎಂದು ಹೂಡಿಕೆದಾರ ಯೋಚಿಸಿದರೆ ಅಚ್ಚರಿಯಿಲ್ಲ.

ಆದರೆ ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. 2024ರ ಜುಲೈಯಲ್ಲಿ ನೆರೆಯವನ ಲಾಭ ಕಂಡು 5,600ಕ್ಕೆ ಕೊಂಡವನು 2025ರ ಮಾರ್ಚ್ ಆರಂಭದಲ್ಲಿ ಅದೇ ಷೇರನ್ನು 3,100ರ ಆಸುಪಾಸಿನಲ್ಲಿ ಕಂಡನು. ನೂರಕ್ಕೆ ನಲ್ವತ್ತೈದರಷ್ಟು ಹಣ ಕಾಗದದ ಮೇಲೆ ಕರಗಿತ್ತು. ಕಳೆದುಕೊಂಡದ್ದನ್ನು ಮರಳಿ ಪಡೆಯಲು ಷೇರು ಅಲ್ಲಿಂದ ನೂರಕ್ಕೆ ಎಂಬತ್ತರಷ್ಟು ಏರಬೇಕಾಗಿತ್ತು. ತೇಜಸ್‌ಗೆ ಬೇಕಾದ ಎಂಜಿನ್‌ಗಳು ಅಮೆರಿಕದಿಂದ ಸಕಾಲಕ್ಕೆ ಬರಲಿಲ್ಲ. 2024ರ ಮಾರ್ಚ್‌ನಲ್ಲಿ ಆರಂಭವಾಗಬೇಕಿದ್ದ ವಿಮಾನ ಹಸ್ತಾಂತರ ಮುಂದೂಡಲ್ಪಟ್ಟಿತು. ಒಬ್ಬನೇ ಗಿರಾಕಿ ಇರುವುದು ಈ ಉದ್ಯಮದ ಬಲವೂ ಹೌದು, ದೌರ್ಬಲ್ಯವೂ ಹೌದು. ಆ ಗಿರಾಕಿ ನಿರ್ಧಾರ ತಡಮಾಡಿದರೆ, ಹೊರದೇಶದ ಒಂದು ಬಿಡಿಭಾಗ ಬಾರದಿದ್ದರೆ, ಎಲ್ಲವೂ ನಿಲ್ಲುತ್ತದೆ. ಆದ್ದರಿಂದ ಇದು ಎಂದೂ ಸೋಲದ ಷೇರು ಎಂಬ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಬೇಕು.

ಈಗ ನೈತಿಕತೆಯ ಪ್ರಶ್ನೆಗೆ ಬರೋಣ. ಆಯುಧವೆಂಬುದೇ ಪಾಪವೇ? ಹಾಗೆ ಹೇಳಲು ನಮ್ಮ ಪರಂಪರೆಯಲ್ಲಿ ಆಧಾರವಿಲ್ಲ. ಪ್ರವಾದಿ ದಾವೂದರಿಗೆ(ಅ) ಅಲ್ಲಾಹನು ಕಬ್ಬಿಣವನ್ನು ಮೃದುಗೊಳಿಸಿಕೊಟ್ಟು ಕವಚ ನೇಯುವ ವಿದ್ಯೆಯನ್ನು ಕಲಿಸಿದ ವಿಷಯವನ್ನು ಪವಿತ್ರ ಕುರ್‌ಆನ್ ಅನುಗ್ರಹವೆಂದೇ ಸ್ಮರಿಸುತ್ತದೆ. ಆದರೆ ಅಲ್ಲಿ ಹೇಳಿರುವುದು ಕವಚದ ವಿಷಯ, ಜೀವವನ್ನು ಕಾಪಾಡುವ ವಸ್ತುವಿನ ವಿಷಯ ಎಂಬುದನ್ನು ಗಮನಿಸಬೇಕು. ಗಡಿಯನ್ನು ಕಾಯುವ ಹಕ್ಕು ಪ್ರತಿಯೊಂದು ದೇಶಕ್ಕಿದೆ. ನಮ್ಮ ದೇಶಕ್ಕೂ ಇದೆ. ಎಚ್‌ಎಎಲ್‌ನಲ್ಲಿ, ಬಿಇಎಲ್‌ನಲ್ಲಿ ದುಡಿದು ಮಕ್ಕಳನ್ನು ಓದಿಸಿದ ಎಷ್ಟೋ ಮುಸ್ಲಿಮ್ ಕುಟುಂಬಗಳು ಬೆಂಗಳೂರಿನಲ್ಲಿವೆ. ಅವರ ದುಡಿಮೆಯ ಬಗ್ಗೆ ಬೆರಳು ತೋರಿಸುವ ಉದ್ದೇಶ ನನ್ನದಲ್ಲ.

ಅಷ್ಟೇ ಅಲ್ಲ, ಈ ಸಂಸ್ಥೆಗಳು ತಯಾರಿಸುವುದೆಲ್ಲವೂ ಆಯುಧವೇ ಅಲ್ಲ. ನಾವು ಮತ ಹಾಕುವ ಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಬಿಇಎಲ್ ಒಂದು. 2020ರ ಕೊರೋನಾ ಸಂಕಟದಲ್ಲಿ ಅದೇ ಸಂಸ್ಥೆ ಮೈಸೂರಿನ ಸ್ಕ್ಯಾನ್‌ರೇ ಕಂಪೆನಿಯ ಸಹಯೋಗದಲ್ಲಿ 30,000 ವೆಂಟಿಲೇಟರ್‌ಗಳ ಬೇಡಿಕೆಯನ್ನು ಕೈಗೆತ್ತಿಕೊಂಡಿತು. ಕ್ಷಿಪಣಿಗೆಂದು ರೂಪಿಸಿದ ಹಗುರವಾದ ವಸ್ತುವಿನಿಂದ ಡಾ. ಎಪಿಜೆ ಅಬ್ದುಲ್ ಕಲಾಮರ ತಂಡವು ಪೋಲಿಯೋ ಪೀಡಿತ ಮಕ್ಕಳಿಗೆ ಕಾಲಿನ ಆಧಾರಪಟ್ಟಿಗಳನ್ನು ಮಾಡಿಕೊಟ್ಟಿತು. ಮೂರು ಕಿಲೋ ಭಾರವನ್ನು ಎಳೆಯುತ್ತಿದ್ದ ಮಗುವಿನ ಕಾಲಿಗೆ ಮುನ್ನೂರು ಗ್ರಾಂ ಸಾಕಾಯಿತು.

ಹಾಗಾದರೆ ಸಮಸ್ಯೆ ಎಲ್ಲಿದೆ? ಆಯುಧವನ್ನು ಯಾರಿಗೆ, ಯಾವ ಸಂದರ್ಭದಲ್ಲಿ ಮಾರಲಾಗುತ್ತದೆ ಎಂಬಲ್ಲಿದೆ. ನಮ್ಮ ವಿದ್ವಾಂಸರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಇಮಾಮ್ ಬುಖಾರಿಯವರು ತಮ್ಮ ಹದೀಸ್ ಸಂಗ್ರಹದ ವ್ಯಾಪಾರ ವಿಭಾಗದಲ್ಲಿ, ಕ್ಷೋಭೆಯ ಕಾಲದ ಆಯುಧ ಮಾರಾಟಕ್ಕೆಂದೇ ಪ್ರತ್ಯೇಕ ಶೀರ್ಷಿಕೆಯನ್ನಿಟ್ಟಿದ್ದಾರೆ. ಸಹಾಬಿ ಇಮ್ರಾನ್ ಬಿನ್ ಹುಸೈನ್(ರ) ಅಂತಹ ಮಾರಾಟವನ್ನು ಅಪ್ರಿಯವೆಂದು ಕಂಡಿದ್ದರೆಂಬುದನ್ನು ಅಲ್ಲಿ ದಾಖಲಿಸಿದ್ದಾರೆ. ಕ್ಷೋಭೆ ಎಬ್ಬಿಸುವವರಿಗೆ ಅವರೆಂದು ತಿಳಿದೂ ಆಯುಧ ಮಾರುವುದು ಮಕ್ರೂಹ್ ಎಂದು ಹನಫಿ ವಿದ್ವಾಂಸರು ಹೇಳಿದರು. ಕೊಳ್ಳುವವನು ಅಂಥವನೆಂದು ತಿಳಿಯದಿದ್ದರೆ ದೋಷವಿಲ್ಲ ಎಂದರು. ಸಿದ್ಧ ಆಯುಧಕ್ಕೂ, ಆಯುಧವಾಗಬಲ್ಲ ಕಚ್ಚಾ ಕಬ್ಬಿಣಕ್ಕೂ ಅಂತರ ಮಾಡಿದರು. ಎಷ್ಟು ಸೂಕ್ಷ್ಮವಾದ ವಿವೇಚನೆ! ವಸ್ತು, ಗಿರಾಕಿ ಮತ್ತು ತಿಳುವಳಿಕೆ ಎಂಬ ಈ ಮೂರು ಅಳತೆಗೋಲುಗಳು ಇಂದಿನ ಷೇರು ಮಾರುಕಟ್ಟೆಗೂ ಅನ್ವಯಿಸುತ್ತವೆ.

ಇಲ್ಲಿ ಕೆಲವರು ಹೇಳುವುದುಂಟು: “ನಾನು ಷೇರನ್ನು ಕೊಳ್ಳುವುದು ಇನ್ನೊಬ್ಬ ಹೂಡಿಕೆದಾರನಿಂದ. ನನ್ನ ಹಣ ಕಂಪೆನಿಗೆ ಹೋಗುವುದೇ ಇಲ್ಲ. ಹಾಗಿದ್ದ ಮೇಲೆ ನನಗೇನು ಹೊಣೆ?” ಹಣದ ಹರಿವಿನ ಮಟ್ಟಿಗೆ ಈ ಮಾತು ಸರಿ. ಆದರೆ ಷೇರು ವ್ಯವಹಾರವನ್ನು ವಿದ್ವಾಂಸರು ಧರ್ಮಸಮ್ಮತವೆಂದು ಒಪ್ಪಿದ್ದು ಯಾವ ಆಧಾರದ ಮೇಲೆ? ಷೇರುದಾರನು ಸಾಲ ಕೊಟ್ಟವನಲ್ಲ, ಅವನು ಪಾಲುದಾರ ಎಂಬ ಆಧಾರದ ಮೇಲೆ. ಪಾಲುದಾರನಾದ್ದರಿಂದಲೇ ಲಾಭಾಂಶ ಹಲಾಲ್ ಆಗುತ್ತದೆ. ಲಾಭಕ್ಕೆ ಕೈಯೊಡ್ಡುವಾಗ ಪಾಲುದಾರ, ಹೊಣೆಯ ಮಾತು ಬಂದಾಗ ದಾರಿಹೋಕ ಎಂದರೆ ನ್ಯಾಯವಾದೀತೇ?

“ನಮ್ಮ ತೆರಿಗೆಯ ಹಣದಿಂದಲೂ ಆಯುಧ ಕೊಳ್ಳುತ್ತಾರಲ್ಲ?” ಎಂಬ ಪ್ರಶ್ನೆಯೂ ಇದೆ. ನಿಜ. ಆದರೆ ತೆರಿಗೆ ನಾಗರಿಕನ ಕರ್ತವ್ಯ, ಹೂಡಿಕೆ ನಮ್ಮ ಆಯ್ಕೆ. ಕರ್ತವ್ಯವಾಗಿ ಕೊಡುವುದಕ್ಕೂ, ಆಯ್ಕೆ ಮಾಡಿ ಲಾಭ ಪಡೆಯುವುದಕ್ಕೂ ವ್ಯತ್ಯಾಸವಿದೆ.

ಗಿರಾಕಿ ಯಾರು ಎಂಬುದು ಈಗ ಹೆಚ್ಚು ತುರ್ತಿನ ಪ್ರಶ್ನೆಯಾಗಿದೆ. ಭಾರತದ ರಕ್ಷಣಾ ರಫ್ತು 2024-25ರಲ್ಲಿ 23,622 ಕೋಟಿ ರೂಪಾಯಿಗೇರಿತು. ಹೈದರಾಬಾದಿನಲ್ಲಿ ಅದಾನಿ ಸಮೂಹವೂ ಇಸ್ರೇಲಿನ ಎಲ್ಬಿಟ್ ಕಂಪೆನಿಯೂ ಸೇರಿ ಸ್ಥಾಪಿಸಿದ ಡ್ರೋನ್ ಕಾರ್ಖಾನೆ 2018ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಗಾಝಾದ ಮೇಲಿನ ದಾಳಿಯ ಹಿನ್ನೆಲೆಯಲ್ಲಿ ಇಸ್ರೇಲಿಗೆ ಆಯುಧ ರಫ್ತು ನಿಲ್ಲಿಸಬೇಕೆಂದು ನಾಗರಿಕರು ಸುಪ್ರೀಮ್ ಕೋರ್ಟಿಗೆ ಹೋದರು. ವಿದೇಶಾಂಗ ನೀತಿಯಲ್ಲಿ ತಾನು ಪ್ರವೇಶಿಸಲಾಗದು ಎಂದು ನ್ಯಾಯಾಲಯವು 2024ರ ಸೆಪ್ಟೆಂಬರ್‌ನಲ್ಲಿ ಆ ಅರ್ಜಿಯನ್ನು ತಿರಸ್ಕರಿಸಿತು. ನ್ಯಾಯಾಲಯಕ್ಕೆ ತನ್ನ ಮಿತಿಗಳಿರಬಹುದು. ಆದರೆ ನಮ್ಮ ಡಿಮ್ಯಾಟ್ ಖಾತೆಯನ್ನು ನಡೆಸುವ ನಮಗೆ ಅಂತಹ ಯಾವ ಮಿತಿಯೂ ಇಲ್ಲ. ಗಾಝಾಕ್ಕಾಗಿ ದುಆ ಮಾಡಿದ ಕೈಯೇ ಮರುದಿನ ಯಾವ ಷೇರನ್ನು ಕೊಳ್ಳುತ್ತದೆ ಎಂದು ನೋಡಿಕೊಳ್ಳುವುದು ಬೇಡವೇ?

ಇದು ಮುಸ್ಲಿಮರಿಗೆ ಮಾತ್ರ ಸಂಬಂಧಿಸಿದ ಚಿಂತೆ ಎಂದು ಭಾವಿಸಬೇಡಿ. ತೈಲದ ಆದಾಯವನ್ನು ಮುಂದಿನ ಪೀಳಿಗೆಗಾಗಿ ಕೂಡಿಡುವ ನಾರ್ವೆ ದೇಶದ ನಿಧಿಯು 2004ರಿಂದ ನೈತಿಕ ನಿಯಮಗಳನ್ನಿಟ್ಟುಕೊಂಡಿತ್ತು. ಗೊಂಚಲು ಬಾಂಬ್ ಮತ್ತು ಅಣ್ವಸ್ತ್ರಗಳ ಕಾರಣಕ್ಕಾಗಿ ಲಾಕ್‌ಹೀಡ್ ಮಾರ್ಟಿನ್, ಬೋಯಿಂಗ್‌ನಂತಹ ದೈತ್ಯ ಕಂಪೆನಿಗಳನ್ನು ಅದು ಹೊರಗಿಟ್ಟಿತು. ಆದರೆ ಅದೇ ನಿಧಿ ಇಸ್ರೇಲಿನ ಯುದ್ಧವಿಮಾನಗಳ ಎಂಜಿನ್‌ಗಳಿಗೆ ಸೇವೆ ಒದಗಿಸುವ ಕಂಪೆನಿಯಲ್ಲಿ ಪಾಲು ಹೊಂದಿರುವುದು 2025ರ ಆಗಸ್ಟ್‌ನಲ್ಲಿ ಬಹಿರಂಗವಾಯಿತು. ಜನರು ಪ್ರಶ್ನಿಸಿದರು, ನಿಧಿ ಆ ಪಾಲನ್ನು ಮಾರಿತು. ಬೇಸರದ ಸಂಗತಿಯೆಂದರೆ, ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿನ ಸಂಸತ್ತು ನೈತಿಕ ಕಾರಣಗಳಿಗಾಗಿ ಕಂಪೆನಿಗಳನ್ನು ಹೊರಗಿಡುವ ಕ್ರಮವನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ಲಾಭದ ಒತ್ತಡದ ಮುಂದೆ ನಿಯಮಗಳು ಹೇಗೆ ಬಾಗುತ್ತವೆ ಎಂಬುದಕ್ಕೂ, ಜನರು ಪ್ರಶ್ನಿಸಿದರೆ ಎಷ್ಟು ಸಾಧ್ಯ ಎಂಬುದಕ್ಕೂ ಇದು ಒಟ್ಟಿಗೇ ನಿದರ್ಶನ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಅದು ಹೂಡಿಕೆದಾರನ ಹೃದಯದ ವಿಷಯ. 2022ರ ಫೆಬ್ರವರಿಯಲ್ಲಿ ರಷ್ಯಾವು ಉಕ್ರೇನಿನ ಮೇಲೆ ದಾಳಿ ಮಾಡುವ ಮುನ್ನ ಜರ್ಮನಿಯ ರೈನ್‌ಮೆಟಲ್ ಕಂಪೆನಿಯ ಷೇರು ಸುಮಾರು 100 ಯೂರೋ ಇತ್ತು. 2025ರ ಮಾರ್ಚ್‌ನಲ್ಲಿ ಅದು 1,000 ಯೂರೋ ದಾಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಶಾಂತಿ ಯೋಜನೆಯ ಸುದ್ದಿ ಬಂದಾಗ ಯುರೋಪಿನ ಆಯುಧ ಕಂಪೆನಿಗಳ ಷೇರುಗಳು ಇಳಿದವು. ಶಾಂತಿಯ ಸುದ್ದಿ ಕೆಲವರಿಗೆ ನಷ್ಟದ ಸುದ್ದಿಯಾಯಿತು! ನಮ್ಮಲ್ಲಿಯೂ ಹೀಗೆಯೇ. 2025ರ ಏಪ್ರಿಲ್ 22ರಂದು ಪಹಲ್‌ಗಾಮ್‌ನಲ್ಲಿ 26 ಮಂದಿ ಅಮಾಯಕರ ಕೊಲೆಯಾಯಿತು. ಮೇ ತಿಂಗಳಲ್ಲಿ ಎರಡೂ ದೇಶಗಳ ಗಡಿಯಲ್ಲಿ ಮನೆಗಳ ಮೇಲೆ ಶೆಲ್ಲುಗಳು ಬಿದ್ದವು. ಅದೇ ತಿಂಗಳು ರಕ್ಷಣಾ ಷೇರುಗಳು ಜಿಗಿದವು. ಆ ಷೇರುಗಳನ್ನು ಇಟ್ಟುಕೊಂಡಿದ್ದವರೆಲ್ಲ ಕ್ರೂರಿಗಳೆಂದು ನಾನು ಹೇಳುವುದಿಲ್ಲ. ಆದರೆ ಗಡಿಯಲ್ಲಿ ಗುಂಡು ಹಾರಿತೆಂಬ ಸುದ್ದಿ ಕೇಳಿದೊಡನೆ ಒಬ್ಬ ಸಜ್ಜನನ ಬೆರಳು ಮೊದಲು ಷೇರಿನ ಬೆಲೆಯನ್ನು ನೋಡಲು ಹೋದರೆ, ಅವನೊಳಗೆ ಏನೋ ಬದಲಾಗಿದೆ ಎಂದರ್ಥ. ಬೆಲೆ ಏರಲೆಂದು ಧಾನ್ಯವನ್ನು ದಾಸ್ತಾನು ಮಾಡುವುದನ್ನು ಪ್ರವಾದಿವರ್ಯರು(ಸ) ಏಕೆ ನಿಷೇಧಿಸಿದರು? ಜನರ ಸಂಕಟವನ್ನೇ ತನ್ನ ಲಾಭವಾಗಿ ಕಾಯುವ ಮನಸ್ಸು ಅಲ್ಲಿ ಬೆಳೆಯುತ್ತದೆ. ಅದೇ ಮನಸ್ಸು ಇಲ್ಲಿಯೂ ಬೆಳೆಯದಂತೆ ನೋಡಿಕೊಳ್ಳಬೇಕು.

ಹಾಗಾದರೆ ಮಾಡಬೇಕಾದುದೇನು? ಫತ್ವಾ ಕೊಡುವ ಅಧಿಕಾರ ನನಗಿಲ್ಲ. ಆದರೆ ನಾಲ್ಕು ಸಲಹೆಗಳನ್ನು ನಿಮ್ಮ ಮುಂದಿಡಬಲ್ಲೆ.

ಒಂದು, ಕಂಪೆನಿಯ ವಾರ್ಷಿಕ ವರದಿಯನ್ನು ಓದಿ. ಏನು ತಯಾರಿಸುತ್ತದೆ, ಯಾರಿಗೆ ಮಾರುತ್ತದೆ, ಯಾರೊಂದಿಗೆ ಪಾಲುದಾರಿಕೆಯಿದೆ ಎಂದು ನೋಡಿ. ರಾಡಾರ್ ತಯಾರಿಸಿ ದೇಶದ ಸೇನೆಗೆ ಕೊಡುವವನನ್ನೂ, ನಾಗರಿಕರ ಮೇಲೆ ದಾಳಿ ಮಾಡುವವರಿಗೆ ಶೆಲ್ಲು ಮಾರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನೆಲಬಾಂಬ್, ಗೊಂಚಲು ಬಾಂಬ್‌ಗಳಂತಹವುಗಳಿಂದ ಸಂಪೂರ್ಣ ದೂರವಿರಿ. ಯೋಧ ಯಾರು, ಮಗು ಯಾರು ಎಂದು ಅವು ನೋಡುವುದಿಲ್ಲ.

ಎರಡು, ಬಡ್ಡಿಯ ಲೆಕ್ಕವನ್ನು ಮರೆಯಬೇಡಿ. ಸಾಲ ಕಡಿಮೆಯಿದ್ದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಎಚ್‌ಎಎಲ್‌ಗೆ ಸಾಲದ ಹೊರೆ ಇಲ್ಲವೆಂದೇ ಹೇಳಬಹುದು. ಆದರೆ ಅದರ ಬಳಿ ಇರುವ ಅಪಾರ ನಗದು ಬ್ಯಾಂಕಿನಲ್ಲಿದ್ದು, ಅದರ ಬಡ್ಡಿಯೂ ಆದಾಯಕ್ಕೆ ಸೇರುತ್ತದೆ. ಇಂತಹ ಆದಾಯ ಒಟ್ಟು ಆದಾಯದ ನೂರಕ್ಕೆ ಐದನ್ನು ಮೀರಬಾರದೆಂಬುದು ಇಸ್ಲಾಮೀ ಹಣಕಾಸಿನಲ್ಲಿ ಪ್ರಚಲಿತವಿರುವ ಮಿತಿ. ಯಾವ ಷೇರಾದರೂ ಪ್ರತಿವರ್ಷ ಇದನ್ನು ಪರಿಶೀಲಿಸಿ. ಮಿತಿಯೊಳಗಿದ್ದರೂ ಆ ಅಂಶವನ್ನು ಲೆಕ್ಕ ಹಾಕಿ ಬಡವರಿಗೆ ಕೊಟ್ಟುಬಿಡಿ.

ಮೂರು, ನಿಮಗೆ ತಿಳಿಯದಂತೆಯೇ ನೀವು ಹೊಂದಿರುವ ಷೇರುಗಳ ಬಗ್ಗೆ ವಿಚಾರಿಸಿ. ಬಿಇಎಲ್ 2024ರ ಸೆಪ್ಟೆಂಬರ್ ಕೊನೆಯಲ್ಲಿ ನಿಫ್ಟಿ 50 ಸೂಚ್ಯಂಕಕ್ಕೆ ಸೇರಿತು. ಆ ಸೂಚ್ಯಂಕವನ್ನು ಅನುಸರಿಸುವ ನಿಧಿಗಳಲ್ಲಿ ಹಣವಿಟ್ಟವರೆಲ್ಲ ಅಂದಿನಿಂದ ಅದರ ಪಾಲುದಾರರಾದರು. ಭವಿಷ್ಯನಿಧಿಯ ಹಣದ ಒಂದು ಭಾಗವೂ 2015ರಿಂದ ಇಂತಹ ನಿಧಿಗಳಿಗೆ ಹೋಗುತ್ತಿದೆ. ಅಲ್ಲಿ ನಮಗೆ ಆಯ್ಕೆಯಿಲ್ಲ, ಆದ್ದರಿಂದ ಅದರ ದೋಷವೂ ನಮ್ಮ ಮೇಲಿಲ್ಲ. ಆಯ್ಕೆಯಿರುವ ಕಡೆ ಷರೀಅತ್ ಮಾನದಂಡದ ನಿಧಿಗಳಿವೆ. 1999ರಲ್ಲಿ ಆರಂಭವಾದ ಡೌ ಜೋನ್ಸ್ ಇಸ್ಲಾಮೀ ಸೂಚ್ಯಂಕವು ಮದ್ಯ ಮತ್ತು ತಂಬಾಕಿನೊಂದಿಗೆ ಆಯುಧ ಉದ್ಯಮವನ್ನೂ ಹೊರಗಿಟ್ಟಿತು. ಎಲ್ಲ ಸೂಚ್ಯಂಕಗಳೂ ಒಂದೇ ನಿಯಮವನ್ನು ಪಾಲಿಸುವುದಿಲ್ಲವಾದ್ದರಿಂದ ಹೆಸರನ್ನಷ್ಟೇ ನಂಬದೆ ಪಟ್ಟಿಯನ್ನು ನೋಡಿ. ಫಲಕವನ್ನು ನಂಬಿದ್ದರ ಪರಿಣಾಮವನ್ನು ನಾವು 2019ರಲ್ಲಿಯೇ ಕಂಡಿದ್ದೇವೆ.

ನಾಲ್ಕು, ಸಂದೇಹ ಉಳಿದರೆ ಬಿಟ್ಟುಬಿಡಿ. ಔಷಧ, ಕೃಷಿ ಯಂತ್ರ, ವಿದ್ಯುತ್, ಸಾಫ್ಟ್‌ವೇರ್ ಎಂದು ಹೂಡಿಕೆಗೆ ನೂರಾರು ದಾರಿಗಳಿವೆ. ಊರಿನಲ್ಲಿಯೇ ಒಬ್ಬ ಪ್ರಾಮಾಣಿಕ ಯುವಕನ ಅಂಗಡಿಗೆ ಪಾಲುದಾರನಾಗಿ ಬಂಡವಾಳ ಕೊಡುವುದೂ ಹೂಡಿಕೆಯೇ.

ಪುಣ್ಯಕಾರ್ಯಗಳಲ್ಲಿ ಸಹಕರಿಸಿರಿ, ಅತಿಕ್ರಮದಲ್ಲಿ ಸಹಕರಿಸಬೇಡಿರಿ ಎಂಬುದು ಸೂರಃ ಅಲ್ ಮಾಇದಃ ನಮಗೆ ಕಲಿಸುವ ತತ್ವ. ಸಹಕಾರವೆಂದರೆ ಕೈಯಿಂದ ಮಾಡುವುದಷ್ಟೇ ಅಲ್ಲ, ಹಣದಿಂದ ಮಾಡುವುದೂ ಸಹಕಾರವೇ. ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಎಲ್ಲಿ ಖರ್ಚು ಮಾಡಿದೆ ಎಂಬ ಪ್ರಶ್ನೆಗೆ ಪ್ರತಿಯೊಬ್ಬನೂ ಅಂತಿಮ ದಿನ ಉತ್ತರಿಸಬೇಕಾಗಿದೆ. ಷೇರಿನ ಬೆಲೆ ಏರಿತ್ತು ಎಂಬುದು ಅಂದು ಉತ್ತರವಾಗದು. ನೆರೆಹೊರೆಯ ದೇಶಗಳಲ್ಲಿ ಶಾಂತಿ ನೆಲೆಸಿದ ದಿನ ಯಾವ ಕುಟುಂಬದ ಉಳಿತಾಯವೂ ಕರಗಬಾರದು, ಬದಲಾಗಿ ಬೆಳೆಯಬೇಕು. ಅಂತಹ ಉಳಿತಾಯವನ್ನು ಕಟ್ಟಿಕೊಳ್ಳುವ ವಿವೇಕವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ, ಆಮೀನ್.