ಆತಕೂರಿನ ಕಾಳಿ, ನಮ್ಮ ಮನೆಯ ಕರಿಯ



ಬಿತ್ತನೆ ಬೀಜ, ಗೊಬ್ಬರ, ದನಕರು, ಕೋಳಿ ಸಾಕಣೆ, ಇವುಗಳ ವಿಚಾರವನ್ನು ನೀವು ಈ ಹೊತ್ತಿನಲ್ಲಿ ಎಷ್ಟೋ ಸಲ ಕೇಳಿದ್ದೀರಿ. ಇಂದು ನಾನು ಹೇಳಹೊರಟಿರುವುದು ಸಂತೆಯಲ್ಲಿ ಬೆಲೆಯಿಲ್ಲದ, ಮನೆಯ ಲೆಕ್ಕದಲ್ಲಿ ಸೇರದ, ಆದರೂ ರಾತ್ರಿಯೆಲ್ಲಾ ನಮ್ಮ ಕಣದ ಬಳಿ ಎದ್ದಿರುವ ಒಂದು ಪ್ರಾಣಿಯ ವಿಚಾರ. ನಾಯಿಯ ವಿಚಾರ. “ಇದೇನಪ್ಪಾ, ನಾಯಿಯ ಮೇಲೂ ಒಂದು ಭಾಷಣವೇ?” ಎಂದು ನಗಬೇಡಿ. ನಿಮ್ಮಲ್ಲಿ ಹಿರಿಯರಾದವರು ಒಂದು ಗಳಿಗೆ ಕಣ್ಣು ಮುಚ್ಚಿ ನೆನೆಸಿಕೊಂಡರೆ, ಚಿಕ್ಕಂದಿನಲ್ಲಿ ಮನೆಯಲ್ಲಿದ್ದ ಒಂದಲ್ಲ ಒಂದು ನಾಯಿ ಬಾಲ ಅಲ್ಲಾಡಿಸುತ್ತಾ ಎದುರಿಗೆ ಬಂದು ನಿಲ್ಲುತ್ತದೆ. ಆಗ ಮನೆಯಲ್ಲಿದ್ದ ಎತ್ತುಗಳ ಹೆಸರು ಮರೆತುಹೋಗಿರಬಹುದು, ಆ ನಾಯಿಯ ಹೆಸರು ಮರೆತಿರುವುದಿಲ್ಲ. ಹೌದೋ ಅಲ್ಲವೋ?

ಇದು ಇಂದು ನಿನ್ನೆಯ ಮಾತಲ್ಲ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಎಂಬ ಊರಿದೆ. ಈಗ ಜನ ಆತಗೂರು ಎನ್ನುತ್ತಾರೆ. ಅಲ್ಲಿ ದೊರೆತ ಒಂದು ಶಾಸನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 872, ಅಂದರೆ ಕ್ರಿ.ಶ. 949-50ರ ಸುಮಾರಿನದು. ಅದರ ಮೇಲೆ ಒಂದು ನಾಯಿಯೂ ಒಂದು ಕಾಡುಹಂದಿಯೂ ಕಾದಾಡುತ್ತಿರುವಂತೆ ಕಡೆದಿದ್ದಾರೆ. ಆಗ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ತಕ್ಕೋಲದಲ್ಲಿ ದೊಡ್ಡ ಯುದ್ಧವಾಯಿತು. ಗಂಗರ ಬೂತುಗನು ಕೃಷ್ಣನ ಕಡೆ ನಿಂತು ಕಾದಿ ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಕಡೆಯವನಾಗಿ ಮಣಲೇರನೆಂಬ ವೀರನೊಬ್ಬನಿದ್ದನು. ಅವನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದ್ದನ್ನು ಬೇಡಿಕೊ ಎಂದನಂತೆ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಆ ಪುಣ್ಯಾತ್ಮ ಕೇಳಿದ್ದು ಕಾಳಿ ಎಂಬ ನಾಯಿಯನ್ನು!

ಆ ಕಾಳಿಯನ್ನು ಮುಂದೆ ಕೆಳಲೆನಾಡಿನ ಬೆಳತೂರ ಬಳಿ ಒಂದು ಮೊರಡಿಯಲ್ಲಿ ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರನು ಅಲ್ಲಿಗೆ ಬಿಡಲಿಲ್ಲ. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನೆಡಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಅದಕ್ಕೆ ಬಿಟ್ಟುಕೊಟ್ಟನು. ಆ ಕಲ್ಲಿಗೆ ಪೂಜೆ ಮಾಡದೆ ಗೊರವನು ಊಟ ಮಾಡಿದರೆ ಪಾಪ ಎಂದೂ ಬರೆಸಿದ್ದಾನೆ. ಕೆರೆಯ ಕೆಳಗಿನ ನೀರಾವರಿ ಜಮೀನು ಅಂದರೆ ಏನೆಂಬುದು ನಿಮಗೆ ನಾನು ಹೇಳಬೇಕೆ? ಅಂಗೈ ಅಗಲ ಬದುವಿಗಾಗಿ ಅಣ್ಣತಮ್ಮಂದಿರು ಕೋರ್ಟು ಹತ್ತುವುದನ್ನು ನಾವು ನೋಡಿದ್ದೇವೆ. ಅಂಥ ಭೂಮಿಯನ್ನು ಒಂದು ನಾಯಿಯ ಹೆಸರಿಗೆ ಬಿಟ್ಟಿದ್ದಾರೆಂದರೆ, ಆ ನಾಯಿ ಅವನ ಎದೆಯಲ್ಲಿ ಎಷ್ಟು ಜಾಗ ಹಿಡಿದಿತ್ತೋ ನೀವೇ ಊಹಿಸಿಕೊಳ್ಳಿ.

ಮುಧೋಳದ ಬೇಟೆನಾಯಿಯ ಹೆಸರನ್ನೂ ನೀವು ಕೇಳಿರುತ್ತೀರಿ. ಸಣ್ಣ ನಡು, ಉದ್ದ ಕಾಲು, ಮೊಲದ ಹಿಂದೆ ಬಿಟ್ಟರೆ ಬಾಣ ಹೋದಂತೆ ಹೋಗುತ್ತದೆ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು. ಸೈನ್ಯದವರೂ 2016ರಲ್ಲಿ ಮರಿಗಳನ್ನು ತರಬೇತಿಗೆ ಮೀರತ್ತಿಗೆ ಕರೆದೊಯ್ದರು. ಸಂತೋಷವೇ. ಆದರೆ ಹೊಲ ಕಾಯುವುದಕ್ಕೆ ಅಂಥ ಜಾತಿನಾಯಿಯೇ ಆಗಬೇಕೆಂದೇನಿಲ್ಲ. ನಮ್ಮ ಊರ ನಾಯಿಯೇ ಸಾಕು. ನಮ್ಮ ಮನೆಯ ಕರಿಯನೂ ಊರ ನಾಯಿಯೇ. ಆತಕೂರಿನದು ಕಾಳಿ, ನಮ್ಮದು ಕರಿಯ. ಸಾವಿರ ವರ್ಷ ಕಳೆದರೂ ನಾಯಿಗೆ ಹೆಸರಿಡುವುದರಲ್ಲಿ ನಮ್ಮ ಜನರ ಬುದ್ಧಿ ಹೆಚ್ಚೇನೂ ಬದಲಾದಂತಿಲ್ಲ.

ಕರಿಯನ ಕಥೆ ಹೇಳುತ್ತೇನೆ, ಕೇಳಿ. ಇದನ್ನು ಹೇಳುವುದಕ್ಕೇ ನಾನು ಇಷ್ಟೆಲ್ಲಾ ಪೀಠಿಕೆ ಹಾಕಿದ್ದು.

ನಮ್ಮದು ಕಾಡಂಚಿನ ಊರು. ಎರಡೂವರೆ ಎಕರೆ ಖುಷ್ಕಿ ಜಮೀನು, ರಾಗಿ, ಸಾಲಿನಲ್ಲಿ ಅವರೆ. ತೆನೆ ಕಟ್ಟಿತೆಂದರೆ ಹಂದಿಯ ಕಾಟ. ಅಪ್ಪ ಹೊಲದಲ್ಲಿ ಅಟ್ಟಣೆ ಹಾಕಿ ಮಲಗುತ್ತಿದ್ದ. ಅಟ್ಟಣೆಯ ಕೆಳಗೆ ಕರಿಯ. ಅಪ್ಪ ಹಗಲೆಲ್ಲಾ ದುಡಿದವನು, ಎಷ್ಟಾದರೂ ಕಣ್ಣು ಹತ್ತುತ್ತಿತ್ತು. ಕರಿಯನಿಗೆ ಹತ್ತುತ್ತಿರಲಿಲ್ಲ. ಅವನ ಬೊಗಳಿನಲ್ಲೇ ಅಪ್ಪನಿಗೆ ಲೆಕ್ಕ ಸಿಗುತ್ತಿತ್ತು. ನರಿಯಾದರೆ ಒಂದು ಬಗೆ, ದಾರಿಹೋಕನಾದರೆ ಇನ್ನೊಂದು ಬಗೆ, ಹಂದಿಯಾದರೆ ಗಂಟಲ ಆಳದಿಂದ ಗುರ್ರೆಂಬ ಸದ್ದು. ಆಗ ಅಪ್ಪ ತಗಡಿನ ಡಬ್ಬ ಬಡಿಯುತ್ತಿದ್ದ. ಒಂದು ವರ್ಷ ಹಂದಿ ಅವನ ತೊಡೆಯನ್ನು ಕೋರೆಯಿಂದ ಸೀಳಿತ್ತು. ಅವ್ವ ಅರಿಸಿನ ಮೆತ್ತಿ, ಹಳೇ ಸೀರೆಯ ಅಂಚು ಸುತ್ತಿ, ಹದಿನೈದು ದಿನ ಅವನಿಗೆ ರಾಗಿ ಅಂಬಲಿ ಕುಡಿಸಿದಳು. ನಮಗೆ ಮಜ್ಜಿಗೆ ಇಲ್ಲದ ದಿನವೂ ಅವನ ಅಂಬಲಿಗೆ ಮಜ್ಜಿಗೆ ಬೀಳುತ್ತಿತ್ತು. ಬಾಗಿಲ ಪಕ್ಕದಲ್ಲಿ ಅವನಿಗೆಂದೇ ಒಂದು ಕಲ್ಲಿನ ಮರಿಗೆ ಇತ್ತು.

1974ನೇ ಇಸವಿ. ಗೌರಿಹಬ್ಬ ಕಳೆದ ಮೇಲೆ ಎಲ್ಲಿಂದಲೋ ಒಂದು ಪರಊರ ನಾಯಿ ನಾಲಿಗೆ ಜೋಲು ಬಿಟ್ಟುಕೊಂಡು ನಮ್ಮ ಹೊಲಕ್ಕೆ ನುಗ್ಗಿತು. ಕರಿಯ ಬಿಡುತ್ತಾನೆಯೇ? ಬೇಲಿಯಾಚೆಗೆ ಅಟ್ಟಿಬಂದ. ಕಿವಿಯ ಬುಡದಲ್ಲಿ ಎರಡು ಹಲ್ಲು ಊರಿದ ಗುರುತು, ಅಷ್ಟೇ. “ಹಂದಿ ಸೀಳಿದ್ದೇ ವಾಸಿಯಾಯಿತಂತೆ, ಇದೇನು ಮಹಾ” ಎಂದರು ಎಲ್ಲರೂ. ಗಾಯ ಒಣಗಿತು. ನಾವೂ ಮರೆತೆವು.

ದೀಪಾವಳಿ ಕಳೆದ ವಾರ ಕರಿಯ ಗಾಡಿಯ ಕೆಳಗೆ ಮಲಗಿದವನು ಏಳಲಿಲ್ಲ. ಕರೆದರೆ ಬಾಲ ಮಾತ್ರ ಅಲ್ಲಾಡಿಸಿದ. ಧ್ವನಿ ಒಡೆದಿತ್ತು, ಕೆಳದವಡೆ ಜೋತಿತ್ತು, ಜೊಲ್ಲು ಸುರಿಯುತ್ತಿತ್ತು. ಅಂಬಲಿ ಇಟ್ಟರೆ ಮೂಸಿದ, ನುಂಗಲಾಗಲಿಲ್ಲ. ಹಬ್ಬದ ಮರುದಿನ ಮೂಳೆ ಹಾಕಿದ್ದೆವು, ಅದೇ ಗಂಟಲಿಗೆ ಸಿಕ್ಕಿದೆ ಎಂದು ಅಪ್ಪ ತಿಳಿದ. ಕರಿಯನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯೊಳಗೆ ಕೈಹಾಕಿ ಹುಡುಕಿದ. ಮೂಳೆ ಇರಲಿಲ್ಲ. ಕರಿಯ ಕಚ್ಚಲೂ ಇಲ್ಲ. ಆದರೆ ಅಪ್ಪನ ಬೆರಳಿನಲ್ಲಿ ಕುಡುಗೋಲು ತಗುಲಿದ ಹಸಿಗಾಯವಿತ್ತು.

ಮಾರನೆಯ ದಿನ ಎತ್ತುಗಳನ್ನು ನೋಡಲೆಂದು ಊರಿಗೆ ಸೈಕಲ್ಲಿನಲ್ಲಿ ಬಂದ ದನದ ಡಾಕ್ಟರು ಕರಿಯನನ್ನು ದೂರದಿಂದಲೇ ನೋಡಿ ಕೇಳಿದ ಮೊದಲ ಮಾತು: “ಇದರ ಬಾಯಿಗೆ ಯಾರಾದರೂ ಕೈ ಹಾಕಿದಿರಾ?” ಆ ಹೊತ್ತಿನ ಅಪ್ಪನ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕರಿಯ ಮೂರನೆಯ ದಿನ ಸತ್ತ. ಹೊಲದ ಮೂಲೆಯ ಹೊಂಗೆಮರದ ಕೆಳಗೆ ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಹೂತೆವು.

ಆಗಿನ ಚುಚ್ಚುಮದ್ದು ಎಂಥದೆಂಬುದು ಹಿರಿಯರಿಗೆ ಗೊತ್ತು. ಕುರಿಯ ಮಿದುಳಿನಿಂದ ತಯಾರಿಸಿದ ಮದ್ದು. ಹೊಟ್ಟೆಯ ಮೇಲೆ ದಿನಕ್ಕೊಂದರಂತೆ ಹದಿನಾಲ್ಕು. ತಾಲ್ಲೂಕು ಆಸ್ಪತ್ರೆ ಒಂಬತ್ತು ಮೈಲಿ, ಹೋಗಲು ಒಂದು ಬಸ್ಸು, ಬರಲು ಕಾಲ್ನಡಿಗೆ. ಅಪ್ಪ ಹೊಟ್ಟೆ ಹಿಡಿದುಕೊಂಡು ಸಂಜೆ ಬಂದು ಮಲಗುತ್ತಿದ್ದ. ಅಟ್ಟಣೆಯ ಮೇಲೆ ಯಾರೂ ಇಲ್ಲ, ಅಟ್ಟಣೆಯ ಕೆಳಗೂ ಯಾರೂ ಇಲ್ಲ. ಮಾಗಿದ ರಾಗಿ ಮೂರರಲ್ಲಿ ಒಂದು ಪಾಲು ಹಂದಿಗಳ ಪಾಲಾಯಿತು. ಅಪ್ಪ ಉಳಿದ, ಅದು ದೊಡ್ಡದು. ನಮ್ಮ ಅವ್ವ ಮಾತ್ರ ಮುಂದಿನ ಬೆಳೆಯವರೆಗೂ ದಿನ ಎಣಿಸುತ್ತಿದ್ದಳು. ಅಪ್ಪ ಕೆಮ್ಮಿದರೂ ಅವಳಿಗೆ ಎದೆ ಝಲ್ಲೆನ್ನುತ್ತಿತ್ತು.

ಈಗ ನೋಡಿ, ನಾಯಿಗೆ ಹಾಕುವ ಲಸಿಕೆ ಆ ಕಾಲದಲ್ಲೂ ಇತ್ತು. ಎತ್ತಿಗೆ ಚಪ್ಪೆರೋಗದ ಚುಚ್ಚುಮದ್ದನ್ನು ವರ್ಷವರ್ಷವೂ ತಪ್ಪದೆ ಹಾಕಿಸುತ್ತಿದ್ದ ನಮ್ಮ ಮನೆಯಲ್ಲಿ, ಕರಿಯನಿಗೂ ಒಂದು ಹಾಕಿಸೋಣ ಎಂದು ಯಾರಿಗೂ ಹೊಳೆಯಲಿಲ್ಲ. ಮಜ್ಜಿಗೆ ಕೊಟ್ಟೆವು, ಮುದ್ದು ಮಾಡಿದೆವು, ಲಸಿಕೆ ಕೊಡಲಿಲ್ಲ. ತಪ್ಪು ನಮ್ಮದೇ.

ಹುಚ್ಚುನಾಯಿ ರೋಗದ ವಿಷಾಣು ಜೊಲ್ಲಿನಲ್ಲಿರುತ್ತದೆ. ಕಚ್ಚಿದ ಅಥವಾ ಹಸಿಗಾಯದ ಜಾಗದಿಂದ ನರದ ದಾರಿ ಹಿಡಿದು ಮಿದುಳಿಗೆ ಹೋಗುತ್ತದೆ. ಹೋಗಿ ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಒಮ್ಮೊಮ್ಮೆ ವಾರದಲ್ಲಿಯೇ ಆಗಬಹುದು, ಒಮ್ಮೊಮ್ಮೆ ವರ್ಷವೂ ಹಿಡಿಯಬಹುದು. ಮುಟ್ಟಿ ರೋಗ ಕಾಣಿಸಿಕೊಂಡಿತೋ, ಮನುಷ್ಯನಾಗಲಿ ಪ್ರಾಣಿಯಾಗಲಿ ಉಳಿಯುವುದಿಲ್ಲವೆಂದೇ ತಿಳಿಯಿರಿ. ಮುಟ್ಟುವುದಕ್ಕೆ ಮುಂಚೆ ತಡೆಯುವುದೊಂದೇ ದಾರಿ. ಹುಚ್ಚು ಹಿಡಿದ ನಾಯಿ ಎಂದರೆ ಕಂಡವರನ್ನೆಲ್ಲಾ ಕಚ್ಚುತ್ತಾ ಓಡುವುದೆಂದೇ ನಮ್ಮ ಕಲ್ಪನೆ. ಹಾಗೆ ಓಡುವುದೂ ಉಂಟು. ಆದರೆ ಕರಿಯನಂತೆ ಕತ್ತಲೆ ಮೂಲೆ ಹಿಡಿದು, ದವಡೆ ಜೋತು, ಸದ್ದಿಲ್ಲದೆ ಸಾಯುವ ಬಗೆಯೂ ಉಂಟು. ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯೂ ಇಲ್ಲಿ ನಡೆಯದು, ಬೊಗಳದ ನಾಯಿಯೂ ಇಲ್ಲಿ ಸಾಧುವಲ್ಲ. ಹಸು ಎಮ್ಮೆಗಳಿಗೂ ಈ ರೋಗ ಬರುತ್ತದೆ. ದನ ಒಡಕು ಧ್ವನಿಯಲ್ಲಿ ಕೂಗುತ್ತಾ ಜೊಲ್ಲು ಸುರಿಸುತ್ತಿದ್ದರೆ, ಗಂಟಲಿಗೆ ಏನೋ ಸಿಕ್ಕಿದೆಯೆಂದು ಕೈ ಹಾಕಲು ಹೋಗಬೇಡಿ. ಅದರ ಹಸಿ ಹಾಲನ್ನು ಕುಡಿಯಬೇಡಿ. ಮೊದಲು ಪಶುವೈದ್ಯರನ್ನು ಕರೆಸಿ.

ಯಾರನ್ನಾದರೂ ನಾಯಿ ಕಚ್ಚಿದರೆ, ಪರಚಿದರೆ, ಹಸಿಗಾಯ ನೆಕ್ಕಿದರೆ, ತಕ್ಷಣ ಬಚ್ಚಲಿಗೆ ಕರೆದೊಯ್ದು ಹರಿಯುವ ನೀರು, ಸೋಪು ಹಾಕಿ ಪೂರಾ ಹದಿನೈದು ನಿಮಿಷ ಗಾಯವನ್ನು ತೊಳೆಯಿರಿ. ಹದಿನೈದು ನಿಮಿಷವೆಂದರೆ ಒಲೆಯ ಮೇಲೆ ಒಂದು ಪಾತ್ರೆ ಅನ್ನ ಆಗುವಷ್ಟು ಹೊತ್ತು, ಕೈ ನೋಯುತ್ತದೆ, ಬಿಡಬೇಡಿ. ಕಾರದ ಪುಡಿ, ಸುಣ್ಣ, ಸೀಮೆಎಣ್ಣೆ, ಸೊಪ್ಪಿನ ರಸ ಯಾವುದೂ ಬೇಡ; ಕಾದ ಕಬ್ಬಿಣದ ಬರೆಯಂತೂ ಬೇಡವೇ ಬೇಡ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಯ ಮೇಲಿನ ಹದಿನಾಲ್ಕು ಸೂಜಿಯ ಕಾಲ ಮುಗಿದು ಎಷ್ಟೋ ವರ್ಷವಾಯಿತು. ಈಗ ತೋಳಿಗೆ ಕೊಡುತ್ತಾರೆ. ಮೊದಲ ದಿನ, ಅಲ್ಲಿಂದ 3ನೇ ದಿನ, 7ನೇ ದಿನ, 28ನೇ ದಿನ ಎಂದು ಸರದಿ. ವೈದ್ಯರು ಕೆಲವರಿಗೆ ನಡುವೆ ಇನ್ನೊಂದು ಹೇಳಬಹುದು. ಗಾಯ ಆಳವಾಗಿ ರಕ್ತ ಬಂದಿದ್ದರೆ ಗಾಯದ ಸುತ್ತಲೇ ಕೊಡುವ ಬೇರೊಂದು ಮದ್ದೂ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ಎರಡು ಸೂಜಿ ಆದ ಮೇಲೆ “ಏನೂ ಆಗಿಲ್ಲವಲ್ಲ, ಕಳೆ ಕೀಳುವುದಿದೆ” ಎಂದು ನಿಲ್ಲಿಸುವವರಿದ್ದಾರೆ. ಹಾಗೆ ಮಾಡಬೇಡಿ. ಕಚ್ಚಿದ ನಾಯಿಯನ್ನು ಕಟ್ಟಿಹಾಕಿ ಹತ್ತು ದಿನ ನೋಡುವುದು ಒಳ್ಳೆಯದೇ, ಆದರೆ ಅದನ್ನು ನೋಡುತ್ತಾ ಆಸ್ಪತ್ರೆಯ ದಾರಿ ತಡಮಾಡುವಂತಿಲ್ಲ.

ತಾಯಂದಿರಿಗೆ ಒಂದು ಮಾತು. ಮಕ್ಕಳು ಬೈಗುಳಕ್ಕೆ ಹೆದರಿ ನಾಯಿ ಕಚ್ಚಿದ್ದನ್ನು ಮುಚ್ಚಿಡುತ್ತಾರೆ. ಮರಿಯ ಜೊತೆ ಆಡುವಾಗ ಹಲ್ಲು ತಗುಲಿದರೆ ಅವಕ್ಕೆ ಅದು ಕಚ್ಚಿದ ಲೆಕ್ಕವೇ ಅಲ್ಲ. ಗದರಿಸದೆ ಕೇಳಿ, ಹೇಳುತ್ತವೆ.

ಇನ್ನು ನಾಯಿಯ ಲಸಿಕೆ. ಮರಿಗೆ ಮೂರು ತಿಂಗಳಾದಾಗ ಮೊದಲನೆಯದು, ಮತ್ತೊಂದು ಯಾವಾಗ ಎಂಬುದನ್ನು ಪಶುವೈದ್ಯರು ಹೇಳುತ್ತಾರೆ, ಆಮೇಲೆ ವರ್ಷಕ್ಕೊಂದು. ಹೆಣ್ಣುನಾಯಿ ಎಂದು ಬಿಡಬೇಡಿ, ಬೀದಿಯಲ್ಲಿ ತಿರುಗುವುದಾದರೂ ನಿಮ್ಮ ಮನೆಯ ಅನ್ನ ತಿನ್ನುವುದಾದರೆ ಅದೂ ನಿಮ್ಮದೇ. ಲಸಿಕೆ ಆದ ನಾಯಿಯನ್ನೂ ಹುಚ್ಚುನಾಯಿ ಕಚ್ಚಿದರೆ ಗಾಯ ಒಣಗಲೆಂದು ಕಾಯದೆ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಕುರಿ ಸಾಕುವವರು ಇನ್ನೊಂದು ಮಾತು ಕಿವಿಗೆ ಹಾಕಿಕೊಳ್ಳಿ. ತಲೆ ಒಂದೇ ಕಡೆಗೆ ತಿರುಗಿಸಿಕೊಂಡು ಸುತ್ತಿ ಸುತ್ತಿ ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆಯಬೇಡಿ. ಆ ಮಿದುಳಿನ ನೀರುಗುಳ್ಳೆ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳುವಾಗಿ, ಅದರ ಮೊಟ್ಟೆ ಹುಲ್ಲಿಗೆ ಬಿದ್ದು, ಮತ್ತೆ ನಿಮ್ಮ ಕುರಿಗೇ ಬರುತ್ತದೆ. ನಾಯಿಗೆ ಜಂತುಹುಳದ ಔಷಧಿಯನ್ನೂ ಆಗಾಗ ಕೊಡಿಸಿ.

ಕರಿಯ ಹೋದ ಮೇಲೆ ನಾಲ್ಕು ವರ್ಷ ಅಪ್ಪ ಮನೆಗೆ ನಾಯಿ ತರಲಿಲ್ಲ. ಮರಿಗೆ ಅನ್ನ ಹಾಕಿದರೂ ಎದ್ದುಹೋಗುತ್ತಿದ್ದ. ಐದನೆಯ ವರ್ಷ ಯಾರಿಗೂ ಹೇಳದೆ ಸಂತೆಯಿಂದ ಹೆಗಲ ಟವಲಿನಲ್ಲಿ ಸುತ್ತಿಕೊಂಡು ಒಂದು ಮರಿ ತಂದ. ಮನೆಯೊಳಕ್ಕೆ ಬರಲಿಲ್ಲ, ದಾರಿಯಲ್ಲೇ ಪಶು ಆಸ್ಪತ್ರೆಗೆ ಹೋಗಿ, ಮರಿಗೆ ಇನ್ನೂ ತಿಂಗಳು ತುಂಬಿಲ್ಲ, ಇಂಥ ದಿನ ಬಾ ಎಂದು ಬರೆಸಿಕೊಂಡು ಬಂದಿದ್ದ. ಆ ಚೀಟಿಯನ್ನು ಪಹಣಿ, ಕಂದಾಯದ ರಸೀದಿ ಇಡುವ ತಗಡಿನ ಪೆಟ್ಟಿಗೆಯಲ್ಲಿ ಇಟ್ಟ. ಅಲ್ಲಿಂದ ಈಚೆಗೆ ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ದನಗಳ ಮೈತೊಳೆದ ವಾರವೇ ನಾಯಿಯ ಲಸಿಕೆ. ಅಪ್ಪ ಈಗಿಲ್ಲ. ಕಲ್ಲಿನ ಮರಿಗೆ ಬಾಗಿಲ ಪಕ್ಕದಲ್ಲೇ ಇದೆ, ಅದರಲ್ಲಿ ಉಣ್ಣುತ್ತಿರುವುದು ಕರಿಯನ ನಂತರದ ಆರನೆಯ ನಾಯಿ. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಲಸಿಕೆ ಯಾವ ದಿನ ಹಾಕುತ್ತಾರೆಂದು ನಾಳೆ ಹಾಲು ಹಾಕಲು ಹೋದಾಗ ಡೈರಿಯ ಬಳಿ ವಿಚಾರಿಸಿಕೊಂಡು ಬನ್ನಿ.