ಟಾರ್ಚ್ ಕೆಳಗಿಟ್ಟು ಪ್ಲಾನಿಂಗ್ ಟೇಬಲ್‌ಗೆ: ‘40 ನಿಮಿಷ’ ಅನ್ನೋ ಸುಳ್ಳಿನ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಬಸ್ಸಲ್ಲಿ ಕೂತೋ, ಪಿಜಿ ರೂಮಲ್ಲಿ ಮಲಗಿಯೋ, ನೈಟ್ ಶಿಫ್ಟ್ ಮುಗಿಸಿ ಟೀ ಅಂಗಡಿ ಮುಂದೆ ನಿಂತೋ ಇದನ್ನ ಕೇಳ್ತಿರೋ ಗೆಳೆಯರೇ, ಇವತ್ತು ನನ್ನ ಕೆಲಸದ ಕಥೆ ಹೇಳ್ತೀನಿ. ನಾನು ಬಿ.ಜಿ. ಕೆರೆಯವನು. ಚಳ್ಳಕೆರೆಯಿಂದ ಬಳ್ಳಾರಿ ಕಡೆ ಬಸ್ಸಲ್ಲಿ ಹೋದವರಿಗೆ ನಮ್ಮೂರು ಗೊತ್ತಿರುತ್ತೆ. ಮೊಳಕಾಲ್ಮೂರು ತಾಲ್ಲೂಕು. ಶೇಂಗಾ, ಕುರಿ, ಕಂಬಳಿ, ಬರ. ಹೊರಗಿನವರಿಗೆ ನಮ್ಮ ಸೀಮೆ ಅಂದ್ರೆ ಇಷ್ಟೇ.

2023ರ ಏಪ್ರಿಲ್ 2. ಬೆಳಿಗ್ಗೆ ನಮ್ಮೂರ ವಾಟ್ಸಾಪ್ ಗ್ರೂಪ್‌ನಲ್ಲಿ ಮೆಸೇಜ್ ಮೇಲೆ ಮೆಸೇಜ್. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆ ಇರೋ ವಾಹನವನ್ನ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತ್ತು. ಅದು ತಾನೇ ದಾರಿ ನೋಡ್ಕೊಂಡು ಚಳ್ಳಕೆರೆ ಹತ್ತಿರದ ಡಿಆರ್‌ಡಿಒ ರನ್‌ವೇ ಮೇಲೆ ಇಳಿದಿತ್ತು. ಎಲ್ಲರೂ ‘ನಮ್ಮೂರು, ನಮ್ಮೂರು’ ಅಂತ ಕುಣಿದಿದ್ದೇ ಕುಣಿದಿದ್ದು. ಆಗ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿದ. ಐಟಿಐ ವೆಲ್ಡರ್ ಓದ್ತಿದ್ದ. ಕೇಳಿದ್ದು ಒಂದೇ ಮಾತು: ‘ಅಣ್ಣಾ, ನೀನು ವಿಮಾನದ ಪಾರ್ಟ್ ಮಾಡೋ ಕಂಪನೀಲಿ ಇದ್ದೀಯಲ್ಲ. ಇಲ್ಲಿ ಇಷ್ಟೆಲ್ಲಾ ಹಾರಾಡ್ತಾವೆ, ನಮಗೆ ಏನಾದ್ರೂ ಕೆಲಸ ಸಿಗ್ತದಾ?’

ಅವನಿಗೆ ಅವತ್ತು ಸರಿಯಾಗಿ ಉತ್ತರ ಕೊಡೋಕೆ ಆಗ್ಲಿಲ್ಲ. ಇವತ್ತು ಕೊಡ್ತೀನಿ.

ಮೊದಲು ಕಹಿ ಮಾತು. ಚಳ್ಳಕೆರೆ ಹತ್ತಿರ ಇರೋದು ಪರೀಕ್ಷೆ ಮಾಡೋ ಜಾಗ. 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾದ ಆ ಏರೋನಾಟಿಕಲ್ ಟೆಸ್ಟ್ ರೇಂಜ್‌ನಲ್ಲಿ ಡ್ರೋನ್ ಹಾರಿಸ್ತಾರೆ, ವಾಹನ ಇಳಿಸ್ತಾರೆ. ಸಾವಿರಾರು ಜನಕ್ಕೆ ಕೆಲಸ ಕೊಡೋ ಕಾರ್ಖಾನೆ ಅದಲ್ಲ. ಅದಕ್ಕೂ, ಪಕ್ಕದ ಬೇರೆ ಸಂಸ್ಥೆಗಳಿಗೂ ಕೊಟ್ಟಿದ್ದು ಅಮೃತಮಹಲ್ ಕಾವಲು, ನಮ್ಮ ಸೀಮೆಯ ದನ, ಕುರಿ ಮೇಯ್ತಿದ್ದ ಹುಲ್ಲುಗಾವಲು. ಮೇವಿನ ಜಾಗ ಹೋಯ್ತು ಅಂತ ಜನ ಹಸಿರು ನ್ಯಾಯಮಂಡಳಿವರೆಗೂ ಹೋದರು. ಹಾಗಾಗಿ ‘ನಮಗೇನು ಸಿಕ್ತು’ ಅಂತ ಕೇಳೋ ಹಕ್ಕು ನನ್ನ ತಮ್ಮನಿಗೆ ಖಂಡಿತ ಇದೆ. ಆದ್ರೆ ತಯಾರಿಕೆಯ ಕೆಲಸ ಇರೋದು ಬೇರೆ ಕಡೆ. ಬೆಂಗಳೂರಿನ ಎಚ್‌ಎಎಲ್, ಪೀಣ್ಯ ಮತ್ತು ದೇವನಹಳ್ಳಿ ಕಡೆಯ ಕಾರ್ಖಾನೆಗಳು, ಬೆಳಗಾವಿಯ ಹತ್ತರಗಿ. ನಮಗೆ ಇನ್ನೂ ಹತ್ತಿರ ಅಂದ್ರೆ ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯಲ್ಲಿ ಎದ್ದಿರೋ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ಅದು ಉದ್ಘಾಟನೆ ಆಗಿದ್ದು 2023ರ ಫೆಬ್ರವರಿ 6ರಂದು.

ಈಗ ನನ್ನ ಕಥೆ. ಒಂದು ವರ್ಷದ ವೆಲ್ಡರ್ ಐಟಿಐ ಮುಗಿಸಿ, ಊರ ಕಡೆ ಗ್ರಿಲ್, ಗೇಟು, ಟ್ರ್ಯಾಕ್ಟರ್ ಟ್ರೇಲರ್ ರಿಪೇರಿ ಮಾಡ್ತಿದ್ದೆ. ಆಮೇಲೆ ಬೆಂಗಳೂರು. ಕೆಲವು ವರ್ಷ ಸ್ಟೀಲ್ ಪೈಪ್‌ಗೆ ಟಿಗ್ ವೆಲ್ಡಿಂಗ್ ಮಾಡಿದ ಮೇಲೆ ಏರೋಸ್ಪೇಸ್ ಪಾರ್ಟ್ ಮಾಡೋ ಒಂದು ಕಂಪನಿ ಸೇರಿದೆ.

ಗೇಟ್ ವೆಲ್ಡಿಂಗ್‌ಗೂ ಇದಕ್ಕೂ ಅಜಗಜಾಂತರ. ಗೇಟಿಗೆ ರಾಡ್ ಹಚ್ಚಿದ್ರೆ ಮುಗೀತು, ಮೇಲೆ ಪೇಂಟ್ ಹೊಡೆದ್ರೆ ಏನೂ ಕಾಣಲ್ಲ. ಇಲ್ಲಿ ಟೈಟಾನಿಯಂ, ಇನ್‌ಕೊನೆಲ್, ಅಲ್ಯೂಮಿನಿಯಂ. ಯಾವ ಲೋಹಕ್ಕೆ ಪರೀಕ್ಷೆ ಪಾಸ್ ಮಾಡಿದ್ದೀಯೋ ಅದನ್ನ ಮಾತ್ರ ಮುಟ್ಟಬೇಕು. ತುಂಬಾ ದಿನ ಕೈ ಬಿಟ್ರೆ ಆ ಅರ್ಹತೆಯೂ ಹೋಗುತ್ತೆ. ಪ್ರತಿ ತುಂಡಿಗೂ ಒಂದು ನಂಬರ್, ಪ್ರತಿ ಬೆಸುಗೆಗೂ ಯಾರು ಹಾಕಿದ್ರು ಅನ್ನೋ ಸಹಿ. ಎಷ್ಟೋ ವರ್ಷ ಆದ ಮೇಲೆ ಎಲ್ಲೋ ಒಂದು ಬಿರುಕು ಬಂದ್ರೂ ಕಾಗದ ಹಿಡ್ಕೊಂಡು ನಮ್ಮ ಟೇಬಲ್‌ವರೆಗೆ ಬರಬಹುದು.

ನನ್ನ ಬದುಕು ತಿರುಗಿದ್ದು ಒಂದು ಟೈಟಾನಿಯಂ ಪಾರ್ಟಿನಿಂದ. ಅದರ ಜೊತೆ ಬರ್ತಿದ್ದ ರೂಟ್ ಕಾರ್ಡಿನಲ್ಲಿ ‘ವೆಲ್ಡಿಂಗ್ – 40 ನಿಮಿಷ’ ಅಂತ ಇತ್ತು. ರೂಟ್ ಕಾರ್ಡ್ ಅಂದ್ರೆ ಪಾರ್ಟಿನ ಜಾತಕ ಇದ್ದ ಹಾಗೆ. ಮೊದಲು ಏನು, ಆಮೇಲೆ ಏನು, ಎಷ್ಟು ಹೊತ್ತು, ಎಲ್ಲಾ ಅದರಲ್ಲಿರುತ್ತೆ. 8 ಗಂಟೆ ಶಿಫ್ಟ್ ಅಂದ್ರೆ 480 ನಿಮಿಷ. 40ರಿಂದ ಭಾಗಿಸಿ, 12 ಪಾರ್ಟ್ ಕೊಡಿ ಅಂತ ಪ್ಲಾನಿಂಗ್‌ನವರು ಕೇಳೋರು. ನನ್ನಿಂದ ಬರ್ತಿದ್ದುದು 3. ದಿನಾ ಬೆಳಿಗ್ಗೆ ‘ಯಾಕ್ರೀ ಲೇಟು?’ ಅನ್ನೋ ಪ್ರಶ್ನೆ. ಉತ್ತರ ನನ್ನ ಕೈಗೆ ಗೊತ್ತಿತ್ತು, ಬಾಯಿಗೆ ಬರ್ತಿರಲಿಲ್ಲ.

ಒಂದು ರಾತ್ರಿ ಈ ಒತ್ತಡದಲ್ಲಿ ತಪ್ಪು ಮಾಡ್ದೆ. ಟೈಟಾನಿಯಂ ಕಾದಾಗ ಗಾಳಿಯ ಆಮ್ಲಜನಕ ಹೀರಿಕೊಳ್ಳುತ್ತೆ, ಪೆಡಸಾಗುತ್ತೆ. ಅದಕ್ಕೇ ಒಳಗೂ ಹೊರಗೂ ಆರ್ಗಾನ್ ತುಂಬಿಸಿ, ಗಾಳಿ ಪೂರ್ತಿ ಹೋಗೋವರೆಗೂ ಕಾಯಬೇಕು. ನಾನು ಕಾಯಲಿಲ್ಲ. ಬೆಸುಗೆ ಬೆಳ್ಳಿ ಬಣ್ಣ ಬಂದ್ರೆ ಚೆನ್ನ, ತಿಳಿ ಒಣಹುಲ್ಲಿನ ಬಣ್ಣ ಬಂದ್ರೂ ಪರವಾಗಿಲ್ಲ. ನನ್ನದು ನೀಲಿ ಬಂತು. ಬ್ರಷ್ ತಗೊಂಡು ಉಜ್ಜಿದ್ರೆ ಆ ನೀಲಿ ಹೋಗ್ತಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಬ್ರಷ್ ಕೈಯಲ್ಲೇ ಇತ್ತು. ಸುಮಾರು ಹೊತ್ತು ಸುಮ್ಮನೆ ನಿಂತಿದ್ದೆ. ಕೊನೆಗೆ ಇನ್‌ಸ್ಪೆಕ್ಟರ್‌ನ ಕರೆದು ತೋರಿಸ್ದೆ. ಪಾರ್ಟ್ ಸ್ಕ್ರ್ಯಾಪ್ ಆಯ್ತು. ಬೈಗುಳ ಬಿತ್ತು. ರೂಮಿಗೆ ಹೋಗಿ ಅತ್ತೆ ಕೂಡ, ಸುಳ್ಳು ಯಾಕೆ ಹೇಳಲಿ.

ಅವತ್ತು ಒಂದು ಅರ್ಥ ಆಯ್ತು. ಕಾಗದದ ಮೇಲಿನ ಸುಳ್ಳು ಟೈಮು ಕೊನೆಗೆ ಬಂದು ಕೂರೋದು ವೆಲ್ಡರ್‌ನ ಕೈ ಮೇಲೆ. ಅವನು ಕಳ್ಳನಾಗಬೇಕು, ಇಲ್ಲ ಸೋಮಾರಿ ಅನ್ನಿಸ್ಕೋಬೇಕು. ದೊಡ್ಡ ಜಾಗಗಳಲ್ಲೂ ಇದೇ ಕಥೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ನೌಕೆ ಸಿಡಿದು 7 ಜನ ಸತ್ತರು. ಚಳಿಗೆ ಸೀಲ್ ಸರಿಯಾಗಿ ಕೂರಲ್ಲ ಅಂತ ಎಂಜಿನಿಯರ್‌ಗಳು ಹಿಂದಿನ ದಿನವೇ ಹೇಳಿದ್ರು. ತನಿಖಾ ಆಯೋಗದ ವರದಿಯಲ್ಲಿ, ಉಡಾವಣೆಗಳ ವೇಳಾಪಟ್ಟಿಯ ಒತ್ತಡದ ಬಗ್ಗೆಯೇ ಒಂದು ಅಧ್ಯಾಯ ಇದೆ.

ಮಾರನೇ ದಿನದಿಂದ ಒಂದು ಕೆಲಸ ಶುರು ಮಾಡ್ದೆ. ಫಿಲ್ಲರ್ ವೈರ್ ಬರೋ ರಟ್ಟಿನ ಡಬ್ಬ ಹರಿದು, ಅದರ ಹಿಂದೆ ಟೈಮ್ ಬರೆಯೋದು. ಎರಡು ವಾರ ಬರೆದೆ. ಕೇಳಿ: ಅಸಿಟೋನ್ ಹಾಕಿ ಒರೆಸಿ ಕ್ಲೀನ್ ಮಾಡೋದು 25 ನಿಮಿಷ. ಫಿಕ್ಸ್ಚರ್‌ನಲ್ಲಿ ಕೂರಿಸೋದು 30. ಆರ್ಗಾನ್ ತುಂಬೋದು 20. ಟ್ಯಾಕ್ ಹಾಕಿ ಅಳತೆ ನೋಡೋದು 15. ಬೆಸುಗೆ 40. ಆರ್ಗಾನ್ ಒಳಗೇ ತಣಿಯೋದು 20. ಬಿಚ್ಚಿ, ನೋಡಿ, ಸಹಿ ಹಾಕೋದು 10. ಒಟ್ಟು 160 ನಿಮಿಷ. ಅಂದ್ರೆ 40 ನಿಮಿಷ ಸುಳ್ಳಲ್ಲ, ಅದು ಕಿಡಿ ಹಾರೋ ಹೊತ್ತು ಮಾತ್ರ. ಉಳಿದ 120 ನಿಮಿಷ ಯಾರ ಕಾಗದದಲ್ಲೂ ಇರಲಿಲ್ಲ.

ಆ ರಟ್ಟು ತಗೊಂಡು ಪ್ಲಾನಿಂಗ್ ಸರ್ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನ ಮೊದಲೇ ಯಾಕೆ ಹೇಳಲಿಲ್ಲ?’ ಅಂದ್ರು. ‘ನೀವು ಯಾಕೆ ಲೇಟು ಅಂತ ಕೇಳಿದ್ರಿ ಸರ್, ಹೇಗೆ ಮಾಡ್ತೀಯ ಅಂತ ಕೇಳಲಿಲ್ಲ’ ಅಂದೆ. ಇಬ್ಬರೂ ಸೇರಿ ಲೆಕ್ಕ ಹಾಕಿದ್ವಿ. ಇನ್ನೊಂದು ಫಿಕ್ಸ್ಚರ್ ಮಾಡಿಸಿ, ಕ್ಲೀನಿಂಗ್‌ಗೆ ಮತ್ತು ಕೂರಿಸೋಕೆ ಒಬ್ಬ ಹೆಲ್ಪರ್ ಕೊಟ್ಟರೆ, ಒಂದು ತಣಿಯೋ ಹೊತ್ತಿಗೆ ಇನ್ನೊಂದು ರೆಡಿ. ದಿನಕ್ಕೆ 3 ಇದ್ದದ್ದು 5 ಆಯ್ತು. ಆರ್ಗಾನ್‌ಗೆ ಒಂದು ನಿಮಿಷ ಕೂಡ ಕಡಿಮೆ ಮಾಡಲಿಲ್ಲ. ಕೆಲವು ತಿಂಗಳ ಮೇಲೆ ಅವರೇ ಕರೆದು, ಪ್ಲಾನಿಂಗ್‌ಗೆ ಬರ್ತೀಯಾ ಅಂದ್ರು.

ಪ್ಲಾನಿಂಗ್ ಅಂದ್ರೆ ಏನು? ನಮ್ಮ ಕಡೆಯವರಿಗೆ ಮೊಳಕಾಲ್ಮೂರು ರೇಷ್ಮೆ ಸೀರೆ ಗೊತ್ತಲ್ವಾ? ಮಗ್ಗದ ಮೇಲೆ ಕೂತೋರು ಮಾತ್ರ ನೇಕಾರರು ಅಂದ್ಕೋತೀವಿ. ಆದ್ರೆ ನೂಲಿಗೆ ಬಣ್ಣ ಹಾಕೋರು ಬೇರೆ, ಹಾಸು ಮಾಡೋರು ಬೇರೆ. ಜರಿ ಹೊರಗಿಂದ ಬರಬೇಕು. ಬಣ್ಣ ಬರೋದು ಎರಡು ದಿನ ತಡ ಆದ್ರೆ, ಎಂಥಾ ನಿಪುಣ ನೇಕಾರನೂ ಖಾಲಿ ಮಗ್ಗದ ಮುಂದೆ ಕೂರಬೇಕು. ಈ ಕೊಂಡಿಗಳನ್ನೆಲ್ಲ ಮುಂಚೆನೇ ಯೋಚಿಸಿ ಜೋಡಿಸೋದೇ ಪ್ಲಾನಿಂಗ್. ಯಾವ ಲೋಹ ಯಾವಾಗ ಬರುತ್ತೆ, ಯಾವ ಮಷೀನ್ ಖಾಲಿ, ಆ ಲೋಹಕ್ಕೆ ಅರ್ಹತೆ ಇರೋ ವೆಲ್ಡರ್ ಎಷ್ಟು ಜನ, ಯಾರ ಸರ್ಟಿಫಿಕೇಟ್ ಯಾವಾಗ ಮುಗಿಯುತ್ತೆ, ಅವರಲ್ಲಿ ಒಬ್ಬನ ತಂಗಿ ಮದುವೆ ಯಾವತ್ತು. ಎಲ್ಲಾ ಲೆಕ್ಕಕ್ಕೆ ಬರುತ್ತೆ.

ನಾನೂ ಎಡವಿದೆ. ಮೊದಲ ತಿಂಗಳು ಎಲ್ಲಾ ವೆಲ್ಡರ್‌ಗಳಿಗೂ ಕೈತುಂಬ ಕೆಲಸ ಕೊಟ್ಟೆ. ಖುಷಿಯೋ ಖುಷಿ. ತಿಂಗಳ ಕೊನೆಗೆ ನೋಡಿದ್ರೆ ಡಿಸ್ಪ್ಯಾಚ್ ಆಗಿದ್ದು ಮೊದಲಿಗಿಂತ ಕಡಿಮೆ. ಎಲ್ಲಾ ಪಾರ್ಟ್‌ಗಳು ಎಕ್ಸ್‌ರೇ ರೂಮಿನ ಮುಂದೆ ರಾಶಿ ಬಿದ್ದಿದ್ವು. ವಿಕಿರಣ ಇರೋದ್ರಿಂದ ಸುತ್ತ ಜನ ಇಲ್ಲದಿರೋವಾಗ, ರಾತ್ರಿ ಮಾತ್ರ ನಮ್ಮಲ್ಲಿ ಎಕ್ಸ್‌ರೇ ತೆಗೀತಿದ್ದರು. ತೂಬು ಎಷ್ಟು ದೊಡ್ಡದೋ ಕೆರೆಯಿಂದ ನೀರು ಅಷ್ಟೇ ಹೊರಗೆ ಬರೋದು. ಮೇಲಿಂದ ಎಷ್ಟು ಹಳ್ಳ ತಿರುಗಿಸಿದ್ರೂ ಅಷ್ಟೇ. ಕೆರೆ ಹೆಸರಿನ ಊರಲ್ಲಿ ಹುಟ್ಟಿ ಇದು ಗೊತ್ತಾಗೋಕೆ ಒಂದು ತಿಂಗಳು ಬೇಕಾಯ್ತು.

ಇನ್ನೊಂದು ದಿನ ಹಳೇ ಗೆಳೆಯನ ಟೇಬಲ್‌ಗೆ ಹೋಗಿ, ಗೊತ್ತಿಲ್ಲದೆ ‘ಯಾಕೋ ಲೇಟು?’ ಅಂದುಬಿಟ್ಟೆ. ಅವನು ಹೆಲ್ಮೆಟ್ ಎತ್ತಿ ನೋಡಿ, ‘ನೀನೂ ಹಂಗೇ ಕೇಳ್ತೀಯೇನೋ?’ ಅಂದ. ಆ ಮಾತು ಇವತ್ತಿಗೂ ಚುಚ್ಚುತ್ತೆ. ಅವತ್ತಿಂದ ‘ಏನು ಅಡ್ಡ ಆಗಿದೆ?’ ಅಂತ ಕೇಳೋದು ಕಲಿತೆ.

ಕಳ್ಕೊಂಡಿದ್ದನ್ನೂ ಹೇಳ್ಬೇಕು. ಓವರ್‌ಟೈಮ್ ದುಡ್ಡು ನಿಂತು, ಶುರುವಿನಲ್ಲಿ ಕೈಗೆ ಬರೋ ಸಂಬಳ ಕಮ್ಮಿ ಆಯ್ತು. ಇಂಗ್ಲಿಷ್ ಮೇಲ್ ಬರೆಯೋಕೆ ಬೆವರಿದೆ. ನನ್ನ ವೆಲ್ಡಿಂಗ್ ಅರ್ಹತೆ ಮುಗಿದುಹೋಯ್ತು. ಬೆಸುಗೆ ಬೆಳ್ಳಿ ಥರ ಹೊಳೆದಾಗ ಸಿಗ್ತಿದ್ದ ಖುಷಿ ಎಕ್ಸೆಲ್ ಶೀಟ್‌ನಲ್ಲಿ ಸಿಗಲ್ಲ. ಹಾಗಾಗಿ ಟಾರ್ಚ್ ಅಂದ್ರೆ ಪ್ರಾಣ ಅನ್ನೋರು ದಯವಿಟ್ಟು ಅಲ್ಲೇ ಇರಿ. ಮೇಲೆ ಬರೋದು ಅಂದ್ರೆ ಟೇಬಲ್ ಮುಂದೆ ಕೂರೋದು ಅಂತ ಯಾರು ಹೇಳಿದ್ದು? ಒಳ್ಳೆ ಟೈಟಾನಿಯಂ ವೆಲ್ಡರ್ ಸಿಗೋದು ಒಳ್ಳೆ ಪ್ಲಾನರ್ ಸಿಗೋದಕ್ಕಿಂತ ಕಷ್ಟ.

ಬರ್ತೀನಿ ಅನ್ನೋರಿಗೆ ನಾಲ್ಕು ಮಾತು. ಒಂದು, ನಿಮ್ಮ ಕೆಲಸದ ಟೈಮನ್ನ ಬರೆದಿಡಿ. ಫೋನ್ ನೋಟ್ಸ್ ಸಾಕು, ಆದ್ರೆ ಫೋನ್ ಬಿಡದ ಶಾಪ್ ಆದ್ರೆ ಕಾಗದದಲ್ಲೇ ಬರೀರಿ, ಡ್ರಾಯಿಂಗ್ ಫೋಟೋ ಮಾತ್ರ ತೆಗೀಬೇಡಿ. ಎರಡು, ರೂಟ್ ಕಾರ್ಡ್ ಪೂರ್ತಿ ಓದಿ. ನಿಮ್ಮ ಹಿಂದಿನ ಮತ್ತು ಮುಂದಿನ ಟೇಬಲ್‌ನಲ್ಲಿ ಏನಾಗುತ್ತೆ ಅಂತ ಹೋಗಿ ನೋಡಿ. ಮೂರು, ಎಕ್ಸೆಲ್ ಕಲೀರಿ. ಶೇಂಗಾ ಖರ್ಚು-ವೆಚ್ಚದ ಲೆಕ್ಕ ಅದರಲ್ಲಿ ಬರೆಯೋದರಿಂದ ಶುರು ಮಾಡಿ, ನಾನು ಹಾಗೇ ಕಲಿತಿದ್ದು. ನಾಲ್ಕು, ಓದು. ಇದರಲ್ಲಿ ಒಂದು ಗುಂಡಿ ಇದೆ. ಎಸ್ಸೆಸ್ಸೆಲ್ಸಿ ಆಗಿ ಫಿಟ್ಟರ್, ಟರ್ನರ್ ಥರ 2 ವರ್ಷದ ಐಟಿಐ ಮಾಡಿದವರು ನೇರ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ನಮ್ಮ ವೆಲ್ಡರ್ ಟ್ರೇಡ್ 1 ವರ್ಷದ್ದು, ಆ ದಾರಿ ಸಿಗಲ್ಲ. ಮೊದಲ ವರ್ಷದಿಂದಲೇ ಓದಬೇಕು. ಐಟಿಐ ಸೇರೋ ಮುಂಚೆನೇ ಇದನ್ನ ಕೇಳಿ ತಿಳ್ಕೊಳ್ಳಿ, ನನಗೆ ಯಾರೂ ಹೇಳಿರಲಿಲ್ಲ.

ಕೊನೇ ಮಾತು. ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳ ಕಥೆ ನಿಮಗೆ ಗೊತ್ತು. ಕೆರೆ ಕಟ್ಟಿಸಿದಾಗ, ದುಡಿದವರಿಗೆ ದುಡಿದಷ್ಟೇ ಕೂಲಿ ಸಿಗ್ತಿತ್ತಂತೆ. ‘ಮಾಡಿದಷ್ಟು ನೀಡು ಭಿಕ್ಷೆ’ ಅಂತ ಇವತ್ತಿಗೂ ಜಾತ್ರೆಯಲ್ಲಿ ಹೇಳ್ತೀವಿ. ನನಗೆ ಪ್ಲಾನಿಂಗ್ ಅಂದ್ರೆ ಅದೇ. ಮಾಡಿದ್ದನ್ನ ಮಾಡಿದಷ್ಟೇ ಕಾಗದದಲ್ಲಿ ಬರೆಯೋದು. 160 ನಿಮಿಷದ ಕೆಲಸಕ್ಕೆ 160 ಅಂತಲೇ ಬರೆಯೋದು.

ತಮ್ಮಾ, ನೀನು ಕೇಳಿದ್ಯಲ್ಲ, ಕೆಲಸ ಸಿಗ್ತದಾ ಅಂತ. ಸಿಗುತ್ತೆ. ಆದ್ರೆ ರನ್‌ವೇ ನೋಡ್ತಾ ಕೂತ್ರೆ ಸಿಗಲ್ಲ. ಮೊದಲು ಕೈ ಪಳಗಿಸ್ಕೋ. ಆಮೇಲೆ ಆ ಕೈಗೆ ಗೊತ್ತಿರೋದನ್ನ ಬರೆಯೋದು ಕಲಿ. ಹಬ್ಬಕ್ಕೆ ಊರಿಗೆ ಬಂದಾಗ ನಿನ್ನ ರಟ್ಟಿನ ತುಂಡು ತೋರಿಸು, ಕೂತು ನೋಡೋಣ.